ಮುಂಬಯಿಯ ಚಿರತೆಯೂ ನಮ್ಮ ಕಸದ ತೊಟ್ಟಿಯೂ

ಅರ್ಜಿ ಬರೆಯುವುದರಲ್ಲಿ ನಮ್ಮ ಕೈ ಪಳಗಿದೆಯೆಂಬ ಹೆಸರು ನಮ್ಮ ಕಟ್ಟಡದಲ್ಲಿ ಬಹಳ ಕಾಲದಿಂದ ಇದೆ. ಹಗಲೆಲ್ಲ ಸರಕಾರಿ ಕಛೇರಿಯಲ್ಲಿ ಕಾಗದಗಳ ನಡುವೆ ಕಾಲ ಕಳೆಯುವ ಗುಮಾಸ್ತನಿಗೆ ಅದೇನೂ ದೊಡ್ಡ ವಿದ್ಯೆಯಲ್ಲ. ಆದರೂ ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿಯ ದೀಪ ಕೆಟ್ಟರೆ, ಲಿಫ್ಟು ನಡುವೆ ನಿಂತರೆ, ನೆರೆಯವರು ಬಂದು ನಮ್ಮ ಬಾಗಿಲು ತಟ್ಟುವುದು ರೂಢಿಯಾಗಿಬಿಟ್ಟಿದೆ. ಆದುದರಿಂದ ೨೦೨೩ನೆಯ ಇಸವಿ ಜುಲೈ ತಿಂಗಳ ಒಂದು ಭಾನುವಾರ ಸೊಸೈಟಿಯ ಕಾರ್ಯದರ್ಶಿಗಳು ಕಾಫಿಯ ಹೊತ್ತಿಗೆ ಸರಿಯಾಗಿ ಬಂದು ಕುಳಿತಾಗ ನಮಗೇನೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದುದು ಅರ್ಜಿಯ ವಿಷಯ ಕೇಳಿದ ಮೇಲೆ. ಈ ಸಲದ ದೂರು ಒಂದು ಚಿರತೆಯ ಮೇಲೆ.

ನಾವಿರುವುದು ಮುಂಬಯಿಯ ಗೋರೆಗಾಂವದ ಪೂರ್ವಭಾಗದಲ್ಲಿ, ಆರೇ ಕಾಲನಿಯ ಅಂಚಿಗೆ. ಕಟ್ಟಡದ ಹಿಂದೆ ಒಂದು ಗೋಡೆ, ಗೋಡೆಯಾಚೆ ಒಂದು ನಾಲೆ, ನಾಲೆಯಾಚೆ ಮರಗಳು. ಮರಗಳಾಚೆ ಏನಿದೆಯೆಂದು ನಾವು ಆ ದಿನದವರೆಗೆ ವಿಚಾರಿಸಿದವರಲ್ಲ. ಬೆಳಗ್ಗೆ ಎಂಟರ ಲೋಕಲ್ ಗಾಡಿಗೆ ಜೋತುಬಿದ್ದು ಚರ್ಚ್‌ಗೇಟಿಗೆ ಹೋಗಿ, ರಾತ್ರಿ ಎಂಟಕ್ಕೆ ಬೆವರು ಒರಸಿಕೊಳ್ಳುತ್ತ ಮರಳುವವರಿಗೆ ಮರಗಳಾಚೆಯ ಯೋಚನೆ ಏಕೆ? ಕಾರ್ಯದರ್ಶಿಗಳು ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ಹಿಂದಿನ ಗೋಡೆಯ ಬಳಿ ಕಟ್ಟಿದ ಕ್ಯಾಮರಾ ಹಿಡಿದ ಚಿತ್ರ. ರಾತ್ರಿ ೩ ಗಂಟೆ ೨೦ ನಿಮಿಷ. ಮಳೆ ಜಿನುಗುತ್ತಿದೆ. ಕಸದ ತೊಟ್ಟಿಯ ಪಕ್ಕದಲ್ಲಿ ನಾಲ್ಕು ನಾಯಿಗಳು ಮುದುಡಿ ಮಲಗಿವೆ. ಗೋಡೆಯ ಮೇಲೆ ಏನೋ ನೆರಳು ಸರಿದಂತಾಯಿತು. ಮರುಕ್ಷಣ ಮೂರು ನಾಯಿಗಳು ಓಡುತ್ತಿವೆ, ನಾಲ್ಕನೆಯದು ಇಲ್ಲ. ಗೋಡೆಯ ಮೇಲಿಂದ ಉದ್ದನೆಯ ಬಾಲವೊಂದು ಇಳಿದು ಮರೆಯಾಯಿತು. ಎಲ್ಲ ಸೇರಿ ಹತ್ತು ಸೆಕೆಂಡೂ ಆಗಿರಲಾರದು.

ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ಅದನ್ನು ನೋಡಿದರು, ಇನ್ನೊಮ್ಮೆ ಹಾಕಿಸಿ ನೋಡಿದರು. ಏನೂ ಮಾತಾಡದೆ ಹೋಗಿ ಆರು ವರ್ಷದ ನಮ್ಮ ಮಗನ ಚೆಂಡನ್ನು ಎತ್ತಿ ಅಟ್ಟದ ಮೇಲಿಟ್ಟರು. ಅವನು ಪ್ರತಿ ಸಂಜೆ ಚೆಂಡಾಡುವುದು ಅದೇ ಗೋಡೆಯ ಬುಡದಲ್ಲಿ.

ಅಂದು ನಾವು ಬರೆದ ಅರ್ಜಿ ನಮ್ಮ ಬಾಳಿನ ಉತ್ತಮ ಅರ್ಜಿಗಳಲ್ಲೊಂದು ಎಂದು ಸಂಕೋಚವಿಲ್ಲದೆ ಹೇಳಬಹುದು. ನಾಗರಿಕರ ಪ್ರಾಣಭಯ, ಮುಗ್ಧ ಶಿಶುಗಳು, ತೆರಿಗೆ ಕೊಡುವವರ ಹಕ್ಕು, ಎಲ್ಲವೂ ಅದರಲ್ಲಿದ್ದವು. ಬೋನು ಇರಿಸಿ ಮೃಗವನ್ನು ಹಿಡಿದು ದೂರದ ಅರಣ್ಯಕ್ಕೆ ಸಾಗಿಸಬೇಕೆಂಬ ಪ್ರಾರ್ಥನೆಯೊಂದಿಗೆ ಅದು ಮುಗಿಯುತ್ತಿತ್ತು. ೮೪ ಮಂದಿ ಸಹಿ ಹಾಕಿದರು. ಎಂದೂ ಸಭೆಗೆ ಬಾರದ ನಾಲ್ಕನೆಯ ಮಹಡಿಯ ಮಹಾಶಯರು ಕೂಡ ಪೆನ್ನು ಹುಡುಕಿಕೊಂಡು ಬಂದರು.

ಹತ್ತು ದಿನಗಳಲ್ಲಿ ಅರಣ್ಯ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಬೂಟಿನ ತುಂಬ ಕೆಸರು. ನಿಂತಲ್ಲೇ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ, "ಬಹಳ ಚೆನ್ನಾಗಿ ಬರೆದಿದ್ದೀರಿ. ಇನ್ನು ನಿಮ್ಮ ಕಸದ ತೊಟ್ಟಿ ಎಲ್ಲಿದೆ ತೋರಿಸಿ" ಎಂದರು.

ನಮಗೆ ಅವಮಾನವಾದಂತಾಯಿತು. ಆದರೂ ಕರೆದುಕೊಂಡು ಹೋಗಿ ತೋರಿಸಿದೆವು. ಮೂರು ಕಡೆ ಗೋಡೆ, ಒಂದು ಕಡೆ ಬಟ್ಟಬಯಲು, ಬಾಗಿಲಿಲ್ಲ, ಮುಚ್ಚಳವಿಲ್ಲ. ಅದರ ಸುತ್ತ ಅನ್ನ, ಮೀನಿನ ತಲೆ, ಕೋಳಿಯ ಮೂಳೆ, ಹರಿದ ಚೀಲಗಳು. ಹಿಂದಿನ ದಿನ ನಮ್ಮ ಮಗನ ಹುಟ್ಟುಹಬ್ಬ. ಉಳಿದ ಬಿಸಿಬೇಳೆ ಅನ್ನವನ್ನು ಚೆಲ್ಲಲು ಮನಸ್ಸಾಗದೆ, ನಾಯಿಗಳಾದರೂ ತಿನ್ನಲೆಂದು ಗೋಡೆಯ ಬದಿಗೆ ಬಾಳೆಯೆಲೆಯ ಮೇಲೆ ಇಟ್ಟುಬಂದವರು ನಾವೇ. ಆ ಎಲೆ ಇನ್ನೂ ಅಲ್ಲೇ ಇತ್ತು. ಅಧಿಕಾರಿ ಅದನ್ನು ನೋಡಿದರು. ನಾವು ನಾಲೆಯ ಕಡೆ ನೋಡಿದೆವು.

ಅವರು ಅಂದು ಹೇಳಿದ್ದನ್ನೂ ಆಮೇಲೆ ನಾವು ಕುತೂಹಲದಿಂದ ಹುಡುಕಿ ಓದಿದ್ದನ್ನೂ ಇಲ್ಲಿ ಕೂಡಿಸಿ ಬರೆಯುತ್ತಿದ್ದೇವೆ. ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲಸಿದ ನಮ್ಮವರು ಅನೇಕರು ಇಂಥದೇ ಗೋಡೆಗಳ ಈಚೆ ಬದಿಯಲ್ಲಿದ್ದಾರೆ.

ಬೋರಿವಲಿಯ ಉದ್ಯಾನವನ್ನು ನೋಡದ ಮುಂಬಯಿ ಕನ್ನಡಿಗರು ಕಡಿಮೆ. ಊರಿನಿಂದ ನೆಂಟರು ಬಂದರೆ ಗೇಟ್‌ವೇ, ಮಹಾಲಕ್ಷ್ಮಿ ಆದ ಮೇಲೆ ಮೂರನೆಯ ದಿನ ಅಲ್ಲಿಗೇ. ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳು ಕಲ್ಲಿನಲ್ಲಿ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳಿವೆ. ವಿಹಾರ, ತುಳಸಿ ಎಂಬ ಎರಡು ಕೆರೆಗಳಿವೆ. ವಿಹಾರವನ್ನು ೧೮೬೦ರಲ್ಲಿ, ತುಳಸಿಯನ್ನು ೧೮೭೯ರಲ್ಲಿ ಈ ನಗರಕ್ಕೆ ಕುಡಿಯುವ ನೀರೊದಗಿಸಲು ಕಟ್ಟಿದರು; ಇಂದಿಗೂ ಆ ನೀರು ನಮ್ಮ ಕೊಳಾಯಿಗಳಿಗೆ ಸೇರುತ್ತದೆ. ಉದ್ಯಾನದ ವಿಸ್ತಾರ ಸುಮಾರು ೧೦೪ ಚದರ ಕಿಲೋಮೀಟರು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಎಂಬುದು ಅದರ ಈಗಿನ ಹೆಸರು. ದಕ್ಷಿಣಕ್ಕೆ ಅದಕ್ಕೆ ಅಂಟಿಕೊಂಡೇ ಆರೇ ಇದೆ. ಪೇಟೆಯೊಳಗಿನ ಎಮ್ಮೆಗಳ ಕೊಟ್ಟಿಗೆಗಳನ್ನು ಹೊರಗೆ ಸಾಗಿಸಲು ೧೯೪೯ರಲ್ಲಿ ಸ್ಥಾಪಿಸಿದ ಹಾಲಿನ ಕಾಲನಿ ಅದು. ಇವೆರಡನ್ನೂ ಬೇರ್ಪಡಿಸುವ ಗೆರೆ ನಕ್ಷೆಯಲ್ಲಿದೆಯೇ ಹೊರತು ಚಿರತೆಯ ಕಣ್ಣಿಗೆ ಕಾಣುವುದಿಲ್ಲ. ೧೯೨೯ರಲ್ಲಿ ವಿಹಾರದ ಬಳಿ ಹುಲಿಯೊಂದನ್ನು ಗುಂಡಿಟ್ಟು ಕೊಂದ ದಾಖಲೆಯಿದೆ. ಆಮೇಲೆ ಹುಲಿ ಇಲ್ಲಿ ನೆಲೆ ನಿಲ್ಲಲಿಲ್ಲ. ಚಿರತೆ ನಿಂತಿತು.

ಏಕೆ ನಿಂತಿತು? ಹುಲಿಗೆ ದೊಡ್ಡ ಕಾಡು ಬೇಕು, ದೊಡ್ಡ ಬೇಟೆ ಬೇಕು. ಚಿರತೆ ಸಂಸಾರಿ ಗುಮಾಸ್ತನ ಹಾಗೆ. ಸಿಕ್ಕಿದ್ದರಲ್ಲಿ ಕಾಲಕ್ಷೇಪ ಮಾಡುತ್ತದೆ. ಜಿಂಕೆ ಸಿಕ್ಕರೆ ಜಿಂಕೆ, ಮಂಗ ಸಿಕ್ಕರೆ ಮಂಗ, ಹೆಗ್ಗಣವೂ ಆದೀತು. ಹಗಲು ಒಂದು ಪೊದೆಯಷ್ಟು ಮರೆ ಇದ್ದರೆ ಸಾಕು, ರಾತ್ರಿ ಅದರ ರಾಜ್ಯ. ೨೦೧೫ರಲ್ಲಿ ಉದ್ಯಾನದಲ್ಲೂ ಸುತ್ತಮುತ್ತಲೂ ಮರಗಳಿಗೆ ಕ್ಯಾಮರಾ ಕಟ್ಟಿ, ಮೈಮೇಲಿನ ಚುಕ್ಕೆಗಳ ಗುರುತಿನಿಂದ ಎಣಿಸಿದಾಗ ೩೫ ಚಿರತೆಗಳು ಸಿಕ್ಕವು. ೨೦೧೮ರ ಎಣಿಕೆಯಲ್ಲಿ ೪೭. ಕೋಟಿಗಟ್ಟಲೆ ಜನರ ನಗರವೊಂದರ ಹೊಟ್ಟೆಯೊಳಗೆ ಇಷ್ಟೊಂದು ದೊಡ್ಡ ಬೆಕ್ಕುಗಳು ಇಷ್ಟು ಒತ್ತಾಗಿ ಬಾಳುವ ಇನ್ನೊಂದು ಜಾಗ ಸಿಗುವುದು ಕಷ್ಟ.

ಕಾಡಿನೊಳಗೆ ಕಡವೆ, ಚುಕ್ಕೆಜಿಂಕೆಗಳೇನೋ ಇವೆ. ಆದರೆ ಕಾಡಿನ ಅಂಚಿಗೆ ನಾವು ಒಂದು ಎರಡನೆಯ ಊಟದ ಎಲೆಯನ್ನೇ ಹಾಸಿಟ್ಟಿದ್ದೇವೆ. ಕಸ ಬಿದ್ದಲ್ಲಿ ನಾಯಿ ಬರುತ್ತದೆ, ಹಂದಿ ಬರುತ್ತದೆ. ನಾಯಿ ಇರುವಲ್ಲಿಗೆ ಚಿರತೆ ಬರುತ್ತದೆ. ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಈ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು ೧,೫೦೦ ನಾಯಿಗಳನ್ನು ತಿನ್ನುತ್ತವೆ. ಬೀದಿನಾಯಿಗಳು ಹಾಗೆ ಕಡಿಮೆಯಾಗುವುದರಿಂದ ನಾಯಿಕಡಿತವೂ ಹುಚ್ಚುನಾಯಿಯ ರೋಗವೂ ಅಷ್ಟರಮಟ್ಟಿಗೆ ತಗ್ಗುತ್ತವೆಂಬುದು ಅವರ ಲೆಕ್ಕ. ಮಹಾನಗರಪಾಲಿಕೆ ಮಾಡಬೇಕಾದ ಕೆಲಸವನ್ನು ಸಂಬಳವಿಲ್ಲದೆ ಮಾಡುವವನೊಬ್ಬ ಇದ್ದಾನೆಂದು ಇದನ್ನು ಓದಿ ನಮಗೆ ನಗೆ ಬಂತು. ನಮ್ಮ ಮನೆಯವರಿಗೆ ಬರಲಿಲ್ಲ. "ನಾಯಿ ಸಿಕ್ಕದ ದಿನ?" ಎಂದು ಕೇಳಿದರು.

ಅದು ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ೨೦೦೪ನೆಯ ಇಸವಿಗೆ ಹೋಗಬೇಕು. ಆ ವರ್ಷದ ಜೂನ್ ತಿಂಗಳೊಂದರಲ್ಲೇ ಈ ಉದ್ಯಾನದ ಸುತ್ತಿನಲ್ಲಿ ಹತ್ತರ ಆಸುಪಾಸು ಮಂದಿ ಚಿರತೆಗೆ ಬಲಿಯಾದರು. ಬೋನುಗಳ ಮೇಲೆ ಬೋನು ಇಟ್ಟರು. ಆಗ ಎಲ್ಲರೂ ತಿಳಿದದ್ದು, ಕಾಡನ್ನು ಒತ್ತುವರಿ ಮಾಡಿದರು, ಬೇಟೆ ಮುಗಿಯಿತು, ಹಸಿದ ಮೃಗ ಮನುಷ್ಯನ ಮೇಲೆ ತಿರುಗಿತು ಎಂದು. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕಥೆಯ ಇನ್ನೊಂದು ತುದಿ ನೂರು ಮೈಲು ದೂರದಲ್ಲಿ, ಪುಣೆ ಜಿಲ್ಲೆಯ ಜುನ್ನರದಲ್ಲಿತ್ತು.

ಜುನ್ನರ ಒಣ ಸೀಮೆ. ಕುಕಡಿ ನದಿಯ ನೀರಾವರಿ ಬಂದ ಮೇಲೆ ಅಲ್ಲಿ ಕಬ್ಬು ಬೆಳೆಯಿತು. ಆಳೆತ್ತರದ ಕಬ್ಬಿನಲ್ಲಿ ಚಿರತೆಗೆ ಕಾಡಿಗಿಂತ ಸೊಗಸಾದ ಮರೆ. ಸುತ್ತಲೂ ನಾಯಿ, ಮೇಕೆ, ಕರು. ಅಲ್ಲೇ ಮರಿ ಹಾಕಿ ಅಲ್ಲೇ ಬೆಳೆಸಿದವು. ಆ ಮರಿಗಳಿಗೆ ಕಾಡೆಂದರೇನೆಂದೇ ಗೊತ್ತಿಲ್ಲ. ಚಿರತೆ ನಾಡಿಗೆ ಬಂತು ಎಂದು ಪತ್ರಿಕೆಯವರು ಬರೆಯುತ್ತಾರಲ್ಲ, ಅವು ಹುಟ್ಟಿದ್ದೇ ನಾಡಿನಲ್ಲಿ! ಜನರ ಒತ್ತಾಯಕ್ಕೆ ಇಲಾಖೆಯವರು ೨೦೦೧ರಿಂದ ೨೦೦೩ರ ವರೆಗೆ ನೂರರ ಆಸುಪಾಸು ಚಿರತೆಗಳನ್ನು ಬೋನಿಗೆ ಹಾಕಿ, ದೂರದ ಕಾಡುಗಳಿಗೆ ಸಾಗಿಸಿದರು. ನಮ್ಮ ಅರ್ಜಿಯಲ್ಲಿ ನಾವು ಬೇಡಿದ್ದೂ ಅಕ್ಷರಶಃ ಅದನ್ನೇ.

ಫಲವೇನಾಯಿತೆಂಬುದನ್ನು ವಿದ್ಯಾ ಅತ್ರೇಯ ಎಂಬ ವಿಜ್ಞಾನಿಯೂ ನಮ್ಮ ಕನ್ನಡದವರೇ ಆದ ಉಲ್ಲಾಸ ಕಾರಂತರೂ ಇನ್ನಿಬ್ಬರೂ ಸೇರಿ ಲೆಕ್ಕ ಹಾಕಿ ೨೦೧೧ರಲ್ಲಿ ಪ್ರಕಟಿಸಿದರು. ಸಾಗಣೆ ಪ್ರಾರಂಭವಾಗುವ ಮೊದಲು ಜುನ್ನರದಲ್ಲಿ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ ೪. ಪ್ರಾರಂಭವಾದ ಮೇಲೆ ೧೭. ಹಿಡಿದ ಕಡೆಯೂ ಹೆಚ್ಚಿತು, ಬಿಟ್ಟ ಕಡೆಯೂ ಹೆಚ್ಚಿತು. ಬೇರೆ ಕಡೆ ಹಿಡಿದ ಚಿರತೆಗಳನ್ನು ಮುಂಬಯಿಯ ಉದ್ಯಾನದೊಳಗೆ ತಂದು ಬಿಟ್ಟುದೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಎಮ್ಮೆಗೂ ಬರೆ, ಎತ್ತಿಗೂ ಜ್ವರ.

ಕಾರಣ ಕೇಳಿದರೆ ಸರಳವಾಗಿದೆ. ಬೆಳೆದ ಚಿರತೆಗೆ ಅದರದೇ ಒಂದು ವಠಾರ ಉಂಟು. ಯಾವ ಸಂದಿಯಲ್ಲಿ ನುಸುಳಬೇಕು, ಯಾವ ಹೊತ್ತಿಗೆ ಜನ ಓಡಾಡುತ್ತಾರೆ, ಯಾರಿಂದ ತಪ್ಪಿಸಿಕೊಳ್ಳಬೇಕು ಎಂಬುದೆಲ್ಲ ಅದಕ್ಕೆ ಬಾಯಿಪಾಠ. ಮನುಷ್ಯನ ಕಣ್ಣಿಗೆ ಬೀಳದೆ ಬಾಳುವುದೇ ಅದರ ಬದುಕಿನ ಜಾಣತನ. ಅಂಥದನ್ನು ಹಿಡಿದು, ಬೋನಿನ ಸರಳು ಕಚ್ಚಿ ಹಲ್ಲು ಮುರಿದುಕೊಂಡ ಸ್ಥಿತಿಯಲ್ಲಿ, ಗುರುತಿಲ್ಲದ ಕಾಡಿನಲ್ಲಿ ಬಿಟ್ಟರೆ ಅಲ್ಲಿ ಆಗಲೇ ಬೇರೆ ಚಿರತೆಗಳ ಒಡೆತನ. ಹೆದರಿ, ಹಸಿದು, ದಾರಿ ತಪ್ಪಿ ಅದು ಮನುಷ್ಯರ ನಡುವೆ ಬೀಳುತ್ತದೆ. ಇತ್ತ ಅದು ಖಾಲಿ ಮಾಡಿದ ವಠಾರಕ್ಕೆ ಒಂದು ಹರೆಯದ ಹೊಸ ಚಿರತೆ ಬಾಡಿಗೆಗೆ ಬರುತ್ತದೆ. ಅದಕ್ಕೆ ಇಲ್ಲಿಯ ಸಂದಿಗೊಂದಿ ತಿಳಿಯದು. ವರ್ಗವಾಗಿ ಬಂದ ಹೊಸ ಗುಮಾಸ್ತ ಫೈಲುಗಳನ್ನೆಲ್ಲ ಕಲಸುಮೇಲೋಗರ ಮಾಡುವುದನ್ನು ನಾವು ಕಾಣದವರೇ?

ಇನ್ನು, ಸಾಗಿಸಿದ್ದು ಅಲ್ಲೇ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ೨೦೦೯ರಲ್ಲಿ ಅಹಮದನಗರ ಜಿಲ್ಲೆಯ (ಈಗ ಅದು ಅಹಿಲ್ಯಾನಗರ) ಟಾಕಳಿ ಢೋಕೇಶ್ವರದ ಬಳಿ ಒಂದು ಗಂಡು ಚಿರತೆ ಬಾವಿಗೆ ಬಿದ್ದಿತ್ತು. ಅದನ್ನು ಮೇಲೆತ್ತಿ, ಕೊರಳಿಗೆ ಉಪಗ್ರಹದೊಡನೆ ಮಾತಾಡುವ ಪಟ್ಟಿ ಕಟ್ಟಿ, ಮಾಳಶೇಜ ಘಾಟಿನಲ್ಲಿ ಬಿಟ್ಟರು. ವಯಸ್ಸಾದದ್ದೆಂದು ಅದಕ್ಕೆ ಆಜೋಬಾ, ಅಂದರೆ ಅಜ್ಜ, ಎಂದು ಹೆಸರಿಟ್ಟಿದ್ದರು. ಅಜ್ಜ ಅಲ್ಲಿ ನಿಲ್ಲಲಿಲ್ಲ. ಪಶ್ಚಿಮಕ್ಕೆ ಮುಖ ಮಾಡಿ ಹೊರಟೇಬಿಟ್ಟ. ಆಗ್ರಾ ಹೆದ್ದಾರಿ ದಾಟಿದ, ಕಸಾರಾ ರೈಲು ನಿಲ್ದಾಣದ ಪಕ್ಕದಿಂದ ಹಾದ, ವಸಯಿಯ ಕಾರ್ಖಾನೆಗಳ ನಡುವೆ ನಡೆದ, ಕೊನೆಗೆ ಖಾಡಿಯನ್ನು ಈಜಿ ಮುಂಬಯಿಯ ಉದ್ಯಾನವನ್ನು ಸೇರಿದ. ಸುಮಾರು ೧೨೦ ಕಿಲೋಮೀಟರು, ಒಂದು ತಿಂಗಳೊಳಗೆ. ಈ ದಾರಿಯುದ್ದಕ್ಕೂ ಒಬ್ಬ ಮನುಷ್ಯನಿಗೂ ಅವನು ತೊಂದರೆ ಕೊಡಲಿಲ್ಲ. ಹೆಚ್ಚಿನವರಿಗೆ ಅವನು ಹಾದುಹೋದದ್ದೇ ತಿಳಿಯಲಿಲ್ಲ. ೨೦೧೧ರ ಡಿಸೆಂಬರಿನಲ್ಲಿ ಅಹಮದಾಬಾದ ಹೆದ್ದಾರಿ ದಾಟುವಾಗ ಯಾವುದೋ ವಾಹನ ಬಡಿದು ಸತ್ತ. ಅವನ ಮೇಲೆ ೨೦೧೪ರಲ್ಲಿ ಒಂದು ಮರಾಠಿ ಚಲನಚಿತ್ರವೇ ಬಂತು. ನಾವು ಅದನ್ನು ತಡವಾಗಿ ನೋಡಿದೆವು. ಊರು ಬಿಟ್ಟು ಮುಂಬಯಿಗೆ ಬಂದವರ ಕಥೆಗಳಲ್ಲಿ ಈ ಅಜ್ಜನದನ್ನೂ ಸೇರಿಸಬಹುದೆಂದು ಆಗ ತೋರಿತು.

ಇಷ್ಟು ಓದಿ ಚಿರತೆ ಸಾಧು ಪ್ರಾಣಿ ಎಂದು ಯಾರೂ ತಿಳಿಯಬಾರದು. ೨೦೨೨ರ ದೀಪಾವಳಿಯ ದಿನ ಬೆಳಗ್ಗೆ ಆರೇಯಲ್ಲಿ ಹದಿನಾರು ತಿಂಗಳ ಒಂದು ಹೆಣ್ಣುಮಗುವನ್ನು ಚಿರತೆ ಕೊಂದಿತು. ನಮ್ಮ ಮನೆಯಿಂದ ಅದು ದೂರವೇನಲ್ಲ. ಅಂದು ನಾವು ಎಣ್ಣೆಸ್ನಾನ ಮುಗಿಸಿ ಪಟಾಕಿ ಹಚ್ಚುತ್ತಿದ್ದೆವು. ನಮ್ಮ ನಾಡಿನಲ್ಲೂ, ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ, ಅದೇ ವರ್ಷದ ಕೊನೆಯಿಂದ ೨೦೨೩ರ ಜನವರಿಯೊಳಗೆ ನಾಲ್ವರು ಚಿರತೆಗೆ ಬಲಿಯಾದರು. ಅಲ್ಲಿಯೂ ಕಬ್ಬಿನ ಗದ್ದೆಗಳು. ಮನುಷ್ಯನನ್ನೇ ಬೇಟೆಯೆಂದು ಕಲಿತ ಚಿರತೆಯನ್ನು ಹಿಡಿಯಲೇಬೇಕು, ಮತ್ತೆ ಬಿಡಲೂಬಾರದು. ಇದರಲ್ಲಿ ಆ ಅಧಿಕಾರಿಗೂ ನಮಗೂ ಭಿನ್ನಾಭಿಪ್ರಾಯವಿರಲಿಲ್ಲ. ಭಿನ್ನಾಭಿಪ್ರಾಯ ಇದ್ದುದು, ಕ್ಯಾಮರಾದಲ್ಲಿ ಕಂಡ ಮಾತ್ರಕ್ಕೆ ಒಂದು ಚಿರತೆ ಅಂಥದೇ ಎಂದು ನಾವು ತೀರ್ಮಾನಿಸಿದ್ದರ ಬಗ್ಗೆ. ಅಕೋಲೆ ತಾಲ್ಲೂಕಿನ ಹೊಲಗದ್ದೆಗಳಲ್ಲಿ ವಿದ್ಯಾ ಅತ್ರೇಯರು ಕ್ಯಾಮರಾ ಕಟ್ಟಿ ನೋಡಿದಾಗ, ೧೦೦ ಚದರ ಕಿಲೋಮೀಟರಿಗೆ ಐದರ ಹತ್ತಿರ ದೊಡ್ಡ ಚಿರತೆಗಳು ಊರುಗಳ ನಡುವೆಯೇ ಇದ್ದವು. ಅಲ್ಲಿ ಮನುಷ್ಯರ ಪ್ರಾಣಹಾನಿ ಆಗಿರಲಿಲ್ಲ.

ನಮಗೆ ಅಜ್ಜಿಯ ಮನೆ ನೆನಪಾಯಿತು. ನಮ್ಮದು ಕಾರ್ಕಳದ ಕಡೆ. ತುಳುವಿನಲ್ಲಿ ಚಿರತೆಗೆ ಚಿಟ್ಟೆ ಪಿಲಿ ಎನ್ನುತ್ತಾರೆ. ಚಿಟ್ಟೆ ಪಿಲಿ ಬಂದು ನಾಯಿ ಹೋಯಿತು ಎಂಬ ಮಾತನ್ನು ಬಾಲ್ಯದಲ್ಲಿ ಮಳೆ ಬಂದು ಅಡಿಕೆ ನೆನೆಯಿತು ಎಂಬಷ್ಟೇ ಸಹಜವಾಗಿ ಕೇಳಿದ್ದೇವೆ. ಮರುದಿನದಿಂದ ಅಜ್ಜಿ ಹೊಸ ನಾಯಿಮರಿಯನ್ನು ದೀಪ ಹಚ್ಚುವ ಮೊದಲೇ ಜಗಲಿಯ ಒಳಗೆ ಕಟ್ಟುತ್ತಿದ್ದರು, ಹಟ್ಟಿಯ ಬಾಗಿಲಿಗೆ ಅಗಳಿ ಹಾಕುತ್ತಿದ್ದರು, ನಮ್ಮನ್ನು ಒಬ್ಬೊಬ್ಬರೇ ತೋಟಕ್ಕೆ ಬಿಡುತ್ತಿರಲಿಲ್ಲ. ಪಿಲಿಚಾಂಡಿಗೆ ವರ್ಷಾವಧಿ ನೇಮ ತಪ್ಪುತ್ತಿರಲಿಲ್ಲ. ಆದರೆ ದೈವದ ಮೇಲೆ ಭಾರ ಹಾಕಿ ಅಗಳಿ ಹಾಕುವುದನ್ನು ಅಜ್ಜಿ ಎಂದೂ ಮರೆತವರಲ್ಲ. ಇಲ್ಲಿ ಆರೇಯ ವಾರಲಿ ಜನ ವಾಘೋಬಾನನ್ನು ಪೂಜಿಸುತ್ತಾರೆ. ಕಲ್ಲಿಗೆ ಕುಂಕುಮ, ಒಂದು ತೆಂಗಿನಕಾಯಿ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಆ ಜನದವಳೇ. ಚಿರತೆಯ ಸುದ್ದಿ ಕೇಳಿ ಅವಳು ಬೆಚ್ಚಲೂ ಇಲ್ಲ, ನಗಲೂ ಇಲ್ಲ. "ನಿಮಗೆ ಗೋಡೆ ಇದೆ ಬಾಯಿ, ದೀಪ ಇದೆ. ನಮ್ಮ ಪಾಡಾದಲ್ಲಿ ರಾತ್ರಿ ಮಗು ಹೊರಗೆ ಹೋಗಬೇಕೆಂದರೆ ಇಬ್ಬರು ದೊಡ್ಡವರು ಏಳಬೇಕು" ಎಂದಳಂತೆ.

ನಮ್ಮನ್ನು ನಾಟಿದ್ದು ಆ ಮಾತು. ನಮ್ಮ ಕಟ್ಟಡದ ರಾತ್ರಿ ಕಾವಲುಗಾರ ಉತ್ತರದ ಕಡೆಯವನು. ಹೆಂಡತಿ, ಇಬ್ಬರು ಮಕ್ಕಳೊಡನೆ ನಾಲೆಯ ಆಚೆ ತಗಡಿನ ಗುಡಿಸಲಿನಲ್ಲಿ ಇದ್ದಾನೆ. ಅಲ್ಲಿ ಪಾಯಖಾನೆಯಿಲ್ಲ, ಮಕ್ಕಳು ಕತ್ತಲಲ್ಲಿ ನಾಲೆಯ ಬದಿಗೆ ಹೋಗಿ ಕುಳಿತುಕೊಳ್ಳುತ್ತಾರೆ. ನೆಟ್ಟಗೆ ನಿಂತ ಮನುಷ್ಯನನ್ನು ಚಿರತೆ ಸಾಮಾನ್ಯವಾಗಿ ದೂರವೇ ಇಡುತ್ತದೆ, ಕುಕ್ಕರಗಾಲಲ್ಲಿ ಕುಳಿತ ಮನುಷ್ಯನೂ ಚಿಕ್ಕ ಮಗುವೂ ಅದರ ಕಣ್ಣಿಗೆ ಬೇಟೆಯ ಗಾತ್ರಕ್ಕೆ ಇಳಿಯುತ್ತಾರೆ ಎಂದು ಅಧಿಕಾರಿ ಹೇಳಿದ್ದರು. ಕಸದ ತೊಟ್ಟಿ ಗೋಡೆಯ ಈಚೆ. ಅದಕ್ಕೆ ಬರುವ ಚಿರತೆಯ ದಾರಿ ಗೋಡೆಯ ಆಚೆ, ಆ ಗುಡಿಸಲಿನ ಹಿತ್ತಿಲಲ್ಲಿ. ಎಲೆ ಹಾಕಿದವರು ನಾವು, ಪಂಕ್ತಿಯ ತುದಿಯಲ್ಲಿ ಕುಳಿತದ್ದು ಅವನ ಮಕ್ಕಳು. ನಮ್ಮ ಅರ್ಜಿಯ ಮುಗ್ಧ ಶಿಶುಗಳಲ್ಲಿ ಅವರಿಬ್ಬರ ಲೆಕ್ಕ ಇರಲಿಲ್ಲ. ಸಹಿಗೆ ಅವನ ಬಳಿ ಯಾರೂ ಹೋಗಿರಲಿಲ್ಲ. ಅವನು ಸೊಸೈಟಿಯ ಸದಸ್ಯನಲ್ಲವಲ್ಲ!

ನಾವು ಎರಡನೆಯ ಅರ್ಜಿ ಬರೆದೆವು. ಬೋನು ಬೇಡ, ಕಸದ ತೊಟ್ಟಿಗೆ ಬಾಗಿಲು ಬೇಕು, ದಿನವೂ ಕಸದ ಗಾಡಿ ಬರಬೇಕು, ನಾಲೆಯ ದಾರಿಗೆ ದೀಪ ಬೇಕು, ಗುಡಿಸಲುಗಳ ಬಳಿ ಒಂದು ಪಾಯಖಾನೆ ಬೇಕು. ಭಾಷೆ ಮೊದಲಿನದಕ್ಕಿಂತ ಸಪ್ಪೆ. ಪ್ರಾಣಭಯದ ಪ್ಯಾರಾ ಹಾಕಲು ಜಾಗವೇ ಸಿಗಲಿಲ್ಲ. ಸಹಿ ಹಾಕಿದವರು ೧೧ ಮಂದಿ. ಕಾರ್ಯದರ್ಶಿಗಳು ಹಾಕಲಿಲ್ಲ. "ಚಿರತೆಯ ಮೇಲೆ ದೂರು ಕೊಡಿ ಎಂದರೆ ನಮ್ಮ ಮೇಲೆಯೇ ಕೊಟ್ಟಿರಲ್ಲ" ಎಂದು ಸಭೆಯಲ್ಲಿ ಹೇಳಿದರು. ಎರಡನೆಯ ಮಹಡಿಯಲ್ಲಿ ನಿತ್ಯ ನಾಯಿಗಳಿಗೆ ಬಿಸ್ಕತ್ತು ಹಾಕುವ ವೃದ್ಧ ಮಹಿಳೆಗೆ ನಮ್ಮ ಮೇಲೆ ಬೇರೆಯೇ ಸಿಟ್ಟು. ತಮ್ಮ ನಾಯಿಯನ್ನು ತಿಂದವನ ಪರವಾಗಿ ನಾವು ವಕಾಲತ್ತು ವಹಿಸಿದ್ದೇವೆಂದು ಅವರು ಮೂರು ತಿಂಗಳು ಮಾತು ಬಿಟ್ಟಿದ್ದರು. ಅವರ ದುಃಖ ಸುಳ್ಳಲ್ಲ. ಹೋದ ನಾಯಿಗೆ ಅವರು ಇಟ್ಟ ಹೆಸರು ರಾಜು.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಮುಂಬಯಿಯಲ್ಲಿ ೨೦೦೪ರ ಹಾವಳಿ ತಗ್ಗಿದ್ದು ಚಿರತೆಗಳು ಮುಗಿದು ಹೋದುದರಿಂದಲ್ಲ. ಹೊರಗಿನ ಚಿರತೆಗಳನ್ನು ತಂದು ಬಿಡುವ ಪದ್ಧತಿ ನಿಂತಿತು. ೨೦೧೧ರಲ್ಲಿ ಉದ್ಯಾನದ ಅಧಿಕಾರಿಗಳೂ ವಿಜ್ಞಾನಿಗಳೂ ನಗರದ ಉತ್ಸಾಹಿ ನಾಗರಿಕರೂ ಕೂಡಿ ಒಂದು ಕಾರ್ಯಕ್ರಮವನ್ನು ಹಾಕಿಕೊಂಡು ಪೊಲೀಸರು, ಪತ್ರಿಕೆಯವರು, ಶಾಲೆಯ ಮಕ್ಕಳು, ಗುಡಿಸಲಿನವರು ಎಲ್ಲರ ಬಳಿಗೂ ಹೋದರು. ಚಿರತೆ ಕಂಡರೆ ಗುಂಪು ಕಟ್ಟಬೇಡಿ, ಅದಕ್ಕೆ ಹೋಗಲು ದಾರಿ ಬಿಡಿ ಎಂದು ತಿಳಿಸಿದರು. ಗುಂಪಿನ ಫಲ ಏನೆಂದು ಬೆಂಗಳೂರಿನವರು ೨೦೧೬ರ ಫೆಬ್ರವರಿಯಲ್ಲಿ ಕಂಡಿದ್ದಾರೆ. ಒಂದು ಶಾಲೆಗೆ ಹೊಕ್ಕ ಚಿರತೆಯನ್ನು ಹಿಡಿಯಹೋದಾಗ ವನ್ಯಜೀವಿ ವಿಜ್ಞಾನಿಯೊಬ್ಬರೂ ಸೇರಿ ಹಲವರು ಗಾಯಗೊಂಡರು. ಸಾವಿರಾರು ಜನ ನೋಡಲು ನೆರೆದಿದ್ದರಂತೆ. ತಮಾಷೆ ನೋಡುವುದರಲ್ಲಿ ಬೆಂಗಳೂರೂ ಮುಂಬಯಿಯೂ ಒಂದೇ.

ಅತ್ತ ಕಾಡಿನ ಅಂಚು ಸುಮ್ಮನಿಲ್ಲ. ೨೦೧೯ರ ಅಕ್ಟೋಬರಿನಲ್ಲಿ ಮೆಟ್ರೋ ಗಾಡಿಗಳ ತಂಗುದಾಣಕ್ಕಾಗಿ ಆರೇಯಲ್ಲಿ ರಾತ್ರೋರಾತ್ರಿ ೨,೦೦೦ಕ್ಕೂ ಹೆಚ್ಚು ಮರಗಳನ್ನು ಕಡಿದರು. ಜನ ಬೀದಿಗಿಳಿದರು, ನ್ಯಾಯಾಲಯಕ್ಕೆ ಹೋದರು. ೨೦೨೪ರ ಅಕ್ಟೋಬರಿನಲ್ಲಿ ಆ ಮೆಟ್ರೋ ಓಡತೊಡಗಿತು. ನಾವೂ ಅದರಲ್ಲಿ ಹೋಗುತ್ತೇವೆ, ತಂಪಾಗಿದೆ, ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ. ಸರಕಾರಿ ನೌಕರರಾದ ನಾವು ಇದರ ಮೇಲೆ ಇನ್ನೇನು ಬರೆಯುವುದೂ ಉಚಿತವಲ್ಲ. ಕಡಿದ ಜಾಗದಲ್ಲಿದ್ದ ಪ್ರಾಣಿಗಳು ಎಲ್ಲಿಗೆ ಹೋದವೆಂದು ಮಗ ಕೇಳಿದ. ಪಕ್ಕದ ಮರಗಳಿಗೆ ಎಂದೆವು. "ಅಲ್ಲಿ ಮೊದಲೇ ಇದ್ದವು?" ಎಂದ. ನಮ್ಮ ನಿಲ್ದಾಣ ಬಂತು, ಇಳಿದೆವು.

ಎರಡನೆಯ ಅರ್ಜಿಯ ಗತಿ ಹೇಳುವುದು ಉಳಿದಿದೆ. ಪಾಯಖಾನೆಯ ವಿಷಯದಲ್ಲಿ ನಮಗೆ ಬಂದ ಉತ್ತರ, ಜಾಗದ ಒಡೆತನ ಸ್ಪಷ್ಟವಾದ ಬಳಿಕ ಪರಿಶೀಲಿಸಲಾಗುವುದು ಎಂದು. ಆ ವಾಕ್ಯವನ್ನು ನಾವೂ ಕಛೇರಿಯಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಅದರ ಅರ್ಥ ನಮಗೆ ಚೆನ್ನಾಗಿ ಗೊತ್ತು. ದೀಪವನ್ನು ಆ ಹನ್ನೊಂದು ಮನೆಯವರು ಚಂದಾ ಎತ್ತಿ ಹಾಕಿಸಿದೆವು. ಬಾಗಿಲಿಗೆ ಒಂದು ವರ್ಷ ಹಿಡಿಯಿತು. ಅದೂ ಚಿರತೆಯಿಂದಾಗಲಿಲ್ಲ; ಕಸದ ಬಳಿ ಹೆಗ್ಗಣಗಳು ಕಾರ್ಯದರ್ಶಿಗಳ ಕಾರಿನ ತಂತಿ ಕಡಿದವು, ಮರುವಾರವೇ ಕಬ್ಬಿಣದ ಬಾಗಿಲು ಬಂತು. ಕಾವಲುಗಾರನ ಮಕ್ಕಳು ರಾತ್ರಿ ನಮ್ಮ ಕಟ್ಟಡದ ಕೆಳಗಿನ ನೌಕರರ ಕೋಣೆಯ ಪಾಯಖಾನೆಗೆ ಬರಬಹುದೆಂದು ಸಭೆಯಲ್ಲಿ ತೀರ್ಮಾನ ಮಾಡಿಸಲು ಮಾತ್ರ ನಮ್ಮ ಮನೆಯವರು ನಾಲ್ಕು ಸಭೆಗಳಲ್ಲಿ ಎದ್ದು ನಿಲ್ಲಬೇಕಾಯಿತು.

ಹೋದ ತಿಂಗಳು ಕ್ಯಾಮರಾದ ಚಿತ್ರವನ್ನು ತಂದು ತೋರಿಸಿದವನು ಆ ಕಾವಲುಗಾರನೇ. ರಾತ್ರಿ ಎರಡೂವರೆ. ಅದೇ ಗೋಡೆ. ಚಿರತೆ ಇಳಿದು ಬಂದು ಕಬ್ಬಿಣದ ಬಾಗಿಲ ಬಳಿ ನಿಂತು ಮೂಸಿತು. ಒಂದು ಗಳಿಗೆ ಕುಳಿತುಕೊಂಡು ಮುಂಗಾಲು ನೆಕ್ಕಿಕೊಂಡಿತು. ಆಮೇಲೆ ಎದ್ದು, ಗೋಡೆಯ ಉದ್ದಕ್ಕೂ ನಡೆದು, ಪಕ್ಕದ ಸೊಸೈಟಿಯ ಕಡೆಗೆ ಹೋಯಿತು. ನಮ್ಮ ನಾಯಿಗಳೆಲ್ಲ ಈಗ ಅಲ್ಲಿವೆ. ಅವರ ಕಸದ ತೊಟ್ಟಿಗೆ ಬಾಗಿಲಿಲ್ಲ.

ಕಳೆದ ಭಾನುವಾರ ಆ ಸೊಸೈಟಿಯ ಕಾರ್ಯದರ್ಶಿಗಳು ಕಾಫಿಯ ಹೊತ್ತಿಗೆ ಬಂದರು. ಅರ್ಜಿ ಬರೆಯುವುದರಲ್ಲಿ ತಮ್ಮ ಕೈ ಬಹಳ ಪಳಗಿದೆಯೆಂದು ಕೇಳಿದ್ದೇವೆ ಎಂದರು. ನಾವು ಚಪ್ಪಲಿ ಮೆಟ್ಟಿಕೊಂಡು, ಮೊದಲು ತಮ್ಮ ಕಸದ ತೊಟ್ಟಿ ನೋಡೋಣ ನಡೆಯಿರಿ ಎಂದೆವು.